ಎಂಟು ತುಂಡು ಕಸೂತಿ, ಒಂದು ಮದುವೆಯ ಉಡುಪು

ಮೇ ತಿಂಗಳ ಎರಡನೆಯ ಶನಿವಾರ, ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಐಲನ್ ಡೋನನ್ ಕೋಟೆಯಲ್ಲಿ ನಮ್ಮ ಮದುವೆ ನಡೆಯಿತು. ಅದಕ್ಕೆ ಹನ್ನೊಂದು ವಾರ ಮೊದಲು ನನ್ನ ಬಳಿ ಉಡುಪೂ ಇರಲಿಲ್ಲ, ಅದನ್ನು ಹೊಲಿಯುವವರೂ ಇರಲಿಲ್ಲ. ಆ ದಿನ ನಾನು ಸುಸೂತ್ರವಾಗಿ ಸೇತುವೆ ದಾಟಿ ಕೋಟೆಯ ಬಾಗಿಲಿಗೆ ಬಂದು ನಿಂತೆನೆಂದರೆ ಅದರ ಹಿಂದೆ ಧಾರವಾಡದಲ್ಲಿಯೂ ಸ್ಕಾಟ್ಲೆಂಡಿನಲ್ಲಿಯೂ ಎಷ್ಟೋ ಜನರ ಕೈ ಇದೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಧನ್ಯವಾದ ಹೇಳಿದ್ದೇನೆ. ಆದರೆ ಇವರಲ್ಲಿ ಹೆಚ್ಚಿನವರು ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ತಮ್ಮ ಕೆಲಸ ಇನ್ನೊಬ್ಬರ ಕೆಲಸದೊಡನೆ ಹೇಗೆ ಕೂಡಿಕೊಂಡಿತೆಂಬುದು ಅವರಿಗೆ ಗೊತ್ತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದು ಬೇಡವೆಂದು ಹಲವರು ಕೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಬರೆದಿಲ್ಲ.

ಕೋಟೆಯನ್ನು ಆರಿಸಿದ್ದು ನಾವಿಬ್ಬರೂ ಸೇರಿ. ನಾಲ್ಕು ವರ್ಷಗಳ ಹಿಂದೆ ಗ್ಲಾಸ್ಗೋದಿಂದ ಸ್ಕೈ ದ್ವೀಪಕ್ಕೆ ಹೊರಟಿದ್ದಾಗ ಗ್ಲೆನ್ ಶೀಲ್ ಕಣಿವೆ ಇಳಿದು ಡೋರ್ನಿ ಎಂಬ ಊರಿನ ಹತ್ತಿರ ಬಂದರೆ, ಮೂರು ಕಡಲ ಹಿನ್ನೀರುಗಳು ಕೂಡುವ ಜಾಗದಲ್ಲಿ, ಪುಟ್ಟ ನಡುಗಡ್ಡೆಯ ಮೇಲೆ ಅದು ನಿಂತಿತ್ತು. 1719ರ ದಂಗೆಯ ಕಾಲದಲ್ಲಿ ಸರ್ಕಾರದ ಯುದ್ಧನೌಕೆಗಳು ಗುಂಡು ಹಾರಿಸಿ, ಆಮೇಲೆ ಮದ್ದಿಟ್ಟು ಸಿಡಿಸಿ ಕೆಡವಿದ ಕೋಟೆ ಅದು. ಸುಮಾರು ಇನ್ನೂರು ವರ್ಷ ಬರಿಯ ಪಾಳುಗೋಡೆಯಾಗಿತ್ತು. ಜಾನ್ ಮ್ಯಾಕ್‌ರೇ-ಗಿಲ್‌ಸ್ಟ್ರಾಪ್ ಎಂಬವರು 1911ರಲ್ಲಿ ಆ ನಡುಗಡ್ಡೆಯನ್ನು ಕೊಂಡು, ಎರಡು ದಶಕಗಳ ಕಾಲ ಕೆಲಸ ಮಾಡಿಸಿ, 1932ರಲ್ಲಿ ಕಟ್ಟಿ ಮುಗಿಸಿದರು. ಜೀವಮಾನವೆಲ್ಲ ಕಟ್ಟಡದ ಕೆಲಸದಲ್ಲಿಯೇ ಕಳೆದ ಅಪ್ಪನಿಗೆ ಈ ಸಂಗತಿ ಬಹಳ ಹಿಡಿಸಿತು. ಮದುವೆಯ ಹಿಂದಿನ ದಿನ ಅವರು ಗೋಡೆಯ ಕಲ್ಲುಗಳ ಮೇಲೆ ಅಂಗೈ ಆಡಿಸುತ್ತ, ಯಾವುದು ಹಳೆಯದು, ಯಾವುದು ಆಮೇಲೆ ಇಟ್ಟದ್ದು ಎಂದು ಸಿಬ್ಬಂದಿಯನ್ನು ಕೇಳುತ್ತಿದ್ದರು. ಅವರ ಪ್ರತಿಯೊಂದು ಪ್ರಶ್ನೆಗೂ ಬೇಸರವಿಲ್ಲದೆ ಉತ್ತರ ಕೊಟ್ಟ ಆ ಸಿಬ್ಬಂದಿಗೆ ಮೊದಲ ಕೃತಜ್ಞತೆ ಸಲ್ಲಬೇಕು.

ಇನ್ನು ಉಡುಪಿನ ವಿಷಯ. ಅವ್ವನಿಗೆ ನಾನು ಸೀರೆ ಉಡಬೇಕೆಂಬ ಆಸೆ. ಅತ್ತೆಯವರಿಗೆ ತಮ್ಮ ಕಡೆಯ ಉದ್ದನೆಯ ಉಡುಪು ತೊಡಲಿ ಎಂಬ ಆಸೆ, ಆದರೆ ಅದನ್ನವರು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ಅಪ್ಪ ಬೆಂಗಳೂರಿನಿಂದ ದಂತವರ್ಣದ ಏಳು ಮೀಟರ್ ರೇಷ್ಮೆ ತಂದುಕೊಟ್ಟರು. ಅದರಲ್ಲಿ ನಾನಿರುವ ಸ್ಕಾಟ್ಲೆಂಡಿನ ರೀತಿಯ ಉಡುಪು ಹೊಲಿಸುವುದು, ಅವ್ವ ಕಸೂತಿ ಹಾಕಿದ ಪಟ್ಟಿಯೊಂದನ್ನು ನಡುವಿಗೆ ಕಟ್ಟುವುದು ಎಂದು ತೀರ್ಮಾನವಾಯಿತು. ಇಲ್ಲಿಯ ಒಂದು ಅಂಗಡಿಗೆ ಮುಂಗಡ ಕೊಟ್ಟು ಬಟ್ಟೆ ಒಪ್ಪಿಸಿದೆವು. ಫೆಬ್ರವರಿಯ ಕೊನೆಯ ವಾರ ಆ ಅಂಗಡಿ ಮುಚ್ಚಿತು. ಮುಂಗಡ ಹೋಯಿತು, ಬಟ್ಟೆ ಮಾತ್ರ ಕತ್ತರಿಸಿದ ತುಂಡುಗಳಾಗಿ ಒಂದು ಚೀಲದಲ್ಲಿ ಮನೆಗೆ ಬಂತು. ಹರಡಿ ನೋಡಿದರೆ ಲಂಗದ ಎಂಟು ಕಲಿಗಳೂ, ಅಂದರೆ ಮೇಲಿನಿಂದ ಕೆಳಗಿನವರೆಗೆ ಇಳಿಯುವ ಎಂಟು ಉದ್ದ ತುಂಡುಗಳೂ, ನನ್ನ ಎತ್ತರಕ್ಕೆ ಒಂದು ಗೇಣಿನಷ್ಟು ಗಿಡ್ಡವಾಗಿದ್ದವು. ಅದೇ ಬಣ್ಣದ ರೇಷ್ಮೆ ಇನ್ನೊಂದು ಮೀಟರ್ ಸಿಗಬಹುದೇ ಎಂದು ಅಪ್ಪ ಮತ್ತೆ ಬೆಂಗಳೂರಿಗೆ ಹೋಗಿ ವಿಚಾರಿಸಿದರು. ಹೊಸದಾಗಿ ಬಂದ ಬಟ್ಟೆ ಹಗಲು ಬೆಳಕಿನಲ್ಲಿ ಹಳೆಯದಕ್ಕಿಂತ ಎದ್ದು ಕಾಣುವಷ್ಟು ಹಳದಿಯಾಗಿತ್ತು.

ಆ ವಾರ ಆಸ್ಪತ್ರೆಯಲ್ಲಿ ನನ್ನ ರಾತ್ರಿ ಪಾಳಿ. ನನ್ನ ಸಪ್ಪೆ ಮುಖ ನೋಡಿ ಕಾರಣ ಕೇಳಿದ ಹಿರಿಯ ಸಹೋದ್ಯೋಗಿಯೊಬ್ಬರು, ತಮ್ಮ ಪಕ್ಕದ ಮನೆಯಲ್ಲಿ ನಲವತ್ತು ವರ್ಷ ಮದುವೆಯ ಉಡುಪುಗಳನ್ನೇ ಹೊಲಿದು ನಿವೃತ್ತರಾದ ಒಬ್ಬರು ಇದ್ದಾರೆ ಎಂದು ಹೇಳಿ, ಬೆಳಿಗ್ಗೆ ಪಾಳಿ ಮುಗಿದ ಕೂಡಲೇ ಅಲ್ಲಿಗೆ ಕರೆದುಕೊಂಡು ಹೋದರು. ಹೀಗೆ ನನಗೆ ಆ ದರ್ಜಿಯಮ್ಮ ಸಿಕ್ಕರು. ಚೀಲದಲ್ಲಿದ್ದ ತುಂಡುಗಳನ್ನು ಅವರು ಊಟದ ಮೇಜಿನ ಮೇಲೆ ಒಂದೊಂದಾಗಿ ಹರಡಿ, ರೇಷ್ಮೆಯ ಅಂಚನ್ನು ಬೆರಳುಗಳ ನಡುವೆ ಉಜ್ಜಿ ನೋಡಿ, ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ಚಹಾ ಮಾಡಲು ಎದ್ದರು. ಚಹಾ ಕುಡಿಯುವಾಗ, ಒಂದು ಗೇಣು ಬಟ್ಟೆಯನ್ನು ಹುಟ್ಟಿಸಲು ತಮ್ಮಿಂದಾಗದು, ಆದರೆ ಪ್ರತಿಯೊಂದು ಕಲಿಯ ನಡುಭಾಗದಲ್ಲಿ ಬೇರೆ ಬಟ್ಟೆಯ ಅಡ್ಡಪಟ್ಟಿ ಸೇರಿಸಿದರೆ, ಅದು ಕೊರತೆ ಮುಚ್ಚಲು ಹಾಕಿದ ತೇಪೆಯೆಂದು ಯಾರಿಗೂ ಅನಿಸದಂತೆ ಹೊಲಿದುಕೊಡಬಲ್ಲೆ ಎಂದರು. ಯಾವ ಬಟ್ಟೆ ಎಂಬುದನ್ನು ನನಗೇ ಬಿಟ್ಟರು.

ಆ ರಾತ್ರಿ ಧಾರವಾಡಕ್ಕೆ ಫೋನು ಮಾಡಿದಾಗ ಅವ್ವನ ಜೊತೆಗೆ ಚಿಗವ್ವನೂ ಇದ್ದಳು. ನಾನು ಎಲ್ಲವನ್ನೂ ಹೇಳಿ ಮುಗಿಸುವ ಮೊದಲೇ ಚಿಗವ್ವ, “ಎಂಟು ಕಲಿ ಅಂದ್ರ ಎಂಟು ತುಕಡಿ, ಎಂಟು ಮಂದಿ. ನೀ ಅಳತಿ ಕಳಸು, ಉಳಿದಿದ್ದು ನಮಗ ಬಿಡು” ಎಂದಳು. ಬಟ್ಟೆ ಯಾವುದೆಂದು ಕೇಳಿದೆ. ಅವ್ವ ಎದ್ದು ಹೋಗಿ ಪೆಟ್ಟಿಗೆಯಿಂದ ಅಜ್ಜಿಯ ಕೆಂಪು ಇಳಕಲ್ ಸೀರೆಯನ್ನು ತಂದು ಫೋನಿನ ಮುಂದೆ ಹಿಡಿದಳು. ಅದನ್ನು ಕತ್ತರಿಸುವುದು ಬೇಡವೆಂದು ನಾನು ಅಂಗಲಾಚಿದೆ. ಪೆಟ್ಟಿಗೆಯಲ್ಲಿ ಇಟ್ಟರೆ ಮಡಿಕೆ ಮಡಿಕೆಗೆ ತಾನಾಗಿಯೇ ಸೀಳುತ್ತದೆ, ನಿನ್ನ ಮೈಮೇಲೆ ಇರಲಿ ಎಂದು ಹೇಳಿ, ಮರುದಿನ ಬೆಳಿಗ್ಗೆ ದೇವರ ಮುಂದೆ ಇಟ್ಟು ಅವ್ವ ತಾನೇ ಕತ್ತರಿ ಹಾಕಿದಳಂತೆ. ಅಜ್ಜಿ ತೀರಿಕೊಂಡ ಮೇಲೆ ಆ ಸೀರೆಯನ್ನು ಅವ್ವ ಒಮ್ಮೆಯೂ ಉಟ್ಟದ್ದನ್ನು ನಾನು ನೋಡಿಲ್ಲ. ಅವ್ವಾ, ಇದಕ್ಕೆ ನಾನು ಏನು ಹೇಳಲಿ?

ದರ್ಜಿಯಮ್ಮ ಪ್ರತಿಯೊಂದು ಪಟ್ಟಿಯ ನಕ್ಷೆಯನ್ನೂ ಕಾಗದದ ಮೇಲೆ ಬರೆದು, ಮೇಲಂಚು ಎಷ್ಟು, ಕೆಳಗಂಚು ಎಷ್ಟು, ಹೊಲಿಗೆಗೆ ಎಷ್ಟು ಬಿಡಬೇಕು ಎಂಬುದನ್ನೆಲ್ಲ ಮಿಲಿಮೀಟರಿನಲ್ಲಿ ಗುರುತಿಸಿ ಕೊಟ್ಟರು. ಅದರ ಫೋಟೋ ಧಾರವಾಡಕ್ಕೆ ಹೋಯಿತು. ಅವ್ವ, ಚಿಗವ್ವ, ನನ್ನ ಇಬ್ಬರು ಸೋದರತ್ತೆಯರು, ಓಣಿಯ ಮೂವರು ಮತ್ತು ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಬಾಯಾರು, ಹೀಗೆ ಎಂಟು ಜನ ಒಂದೊಂದು ತುಂಡು ಹಂಚಿಕೊಂಡರು. ಕಸೂತಿಯ ಕೆಲಸ ಗೊತ್ತಿಲ್ಲದವರಿಗಾಗಿ ಒಂದು ಮಾತು: ಇದರಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ನೇಯ್ಗೆಯ ಎಳೆಗಳನ್ನು ಎಣಿಸುತ್ತಲೇ ಸೂಜಿ ಚುಚ್ಚಬೇಕು, ಗಂಟು ಹಾಕುವಂತಿಲ್ಲ, ಗವಂತಿ ಹೊಲಿಗೆಯಲ್ಲಿ ಹೋದ ದಾರ ಅದೇ ದಾರಿಯಲ್ಲಿ ಮರಳಿ ಬಂದು ನಡುವಿನ ತೆರಪುಗಳನ್ನು ತುಂಬುವುದರಿಂದ ಒಳಮೈಯೂ ಹೊರಮೈಯೂ ಒಂದೇ ರೀತಿ ಕಾಣಬೇಕು. ಎಲ್ಲಿಯಾದರೂ ಒಂದು ಎಳೆ ತಪ್ಪಿದರೆ ಅಲ್ಲಿಯವರೆಗೆ ಬಿಚ್ಚದೆ ಬೇರೆ ದಾರಿಯಿಲ್ಲ. ಬಾಯಾರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅವರು ಬೆಳಗಿನ ಬಿಸಿಲಿನಲ್ಲಿ ಮಾತ್ರ ಕೂತು ತಮ್ಮ ತುಂಡನ್ನು ಮೂರು ಸಲ ಬಿಚ್ಚಿ ಹಾಕಿದರೆಂಬುದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಗೋಪುರ, ತೇರು, ತುಳಸಿ ಕಟ್ಟೆ, ಆನೆ, ನವಿಲು, ತೊಟ್ಟಿಲು, ಕಮಲ, ಹೀಗೆ ಏಳು ತುಂಡುಗಳಲ್ಲಿ ನಮ್ಮ ಹಳೆಯ ವಿನ್ಯಾಸಗಳು ಬಂದವು. ಎಂಟನೆಯದರಲ್ಲಿ ಚಿಗವ್ವ ಸ್ಕಾಟ್ಲೆಂಡಿನ ರಾಷ್ಟ್ರೀಯ ಹೂವಾದ ಥಿಸಲ್ ಎಂಬ ಮುಳ್ಳುಹೂವನ್ನು ಹಾಕಿದ್ದಳು. ಇದಕ್ಕೆ ಅವಳ ಮುಂದೆ ಯಾವ ಮಾದರಿಯೂ ಇರಲಿಲ್ಲ. ಫೋಟೋ ನೋಡಿಕೊಂಡು, ಚೌಕಳಿ ವಹಿಯಲ್ಲಿ ಚೌಕ ತುಂಬಿ ತುಂಬಿ ತಾನೇ ಕಟ್ಟಿದ ವಿನ್ಯಾಸ ಅದು.

ಏಪ್ರಿಲ್ ಎರಡನೆಯ ವಾರ ಪಾರ್ಸೆಲ್ ಬಂತು. ದರ್ಜಿಯಮ್ಮ ಅದನ್ನು ಬಿಚ್ಚಿ, ಎಲ್ಲಕ್ಕಿಂತ ಮೊದಲು ಮಾಡಿದ ಕೆಲಸವೆಂದರೆ ತುಂಡುಗಳನ್ನು ಮಗುಚಿ ಹಾಕಿ ಬೆನ್ನಿನ ಕಡೆ ನೋಡಿದ್ದು. ತೇರಿನ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ದಾರದ ತುದಿ ಎಲ್ಲಿ ಮುಗಿದಿದೆ ಎಂದು ಬೆರಳ ತುದಿಯಿಂದ ಹುಡುಕಿದರು. ಸಿಗಲಿಲ್ಲ. ಅಂದೇ ಅವರು ಉಡುಪಿನ ಅಸ್ತರಿಯ ಯೋಜನೆಯನ್ನು ಬದಲಿಸಿದರು: ಇಷ್ಟು ಚೆಂದದ ಬೆನ್ನನ್ನು ಮುಚ್ಚಿಬಿಡುವುದು ಸರಿಯಲ್ಲವೆಂದು, ಪಟ್ಟಿಗಳಿರುವ ಭಾಗದಲ್ಲಿ ಅಸ್ತರಿಯನ್ನು ಎತ್ತಿ ನೋಡುವಂತೆ ಸಡಿಲವಾಗಿ ಬಿಟ್ಟರು. ಅದಕ್ಕೂ ಮೊದಲು ಅವರು ಒರಟು ಹತ್ತಿ ಬಟ್ಟೆಯಲ್ಲಿ ಇಡೀ ಉಡುಪಿನ ಕಚ್ಚಾ ಮಾದರಿಯೊಂದನ್ನು ಹೊಲಿದು, ನನ್ನ ಮೈಮೇಲೆಯೇ ಟಾಚಣಿ ಚುಚ್ಚಿ ತಿದ್ದಿದ್ದರು. ಇಲ್ಲಿಯವರು ಆ ಬಟ್ಟೆಗೆ ಕ್ಯಾಲಿಕೊ ಎನ್ನುತ್ತಾರೆ. ಕೋಳಿಕ್ಕೋಡಿನ ಇನ್ನೊಂದು ಹೆಸರಾದ ಕ್ಯಾಲಿಕಟ್‌ನಿಂದ ಬಂದ ಶಬ್ದ. ಒಟ್ಟು ಐದು ಸಲ ತೊಡಿಸಿ ನೋಡಿದರು. ಕೊನೆಯ ಸಲ ಮದುವೆಯ ದಿನದ ಚಪ್ಪಲಿಯನ್ನೇ ಹಾಕಿಕೊಂಡು ಬರಲು ಹೇಳಿ, ನೆಲದ ಮೇಲೆ ಮೊಣಕಾಲೂರಿ ಸುತ್ತ ತಿರುಗುತ್ತ ಅಂಚಿನ ಮಡಿಕೆಯನ್ನು ಗುರುತಿಸಿದರು. ಎಪ್ಪತ್ತೊಂದರ ವಯಸ್ಸಿನಲ್ಲಿ ಆ ಮೊಣಕಾಲುಗಳಿಗೆ ಅದು ಎಷ್ಟು ನೋವಾಗಿರಬಹುದೆಂದು ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನಗೆ ಗೊತ್ತು. ಕೂಲಿಯ ಮಾತೆತ್ತಿದಾಗ ಅವರು ತೆಗೆದುಕೊಂಡದ್ದು ಮೊದಲ ಅಂಗಡಿ ಕೇಳಿದ್ದರ ಮೂರನೆಯ ಒಂದು ಭಾಗವನ್ನು ಮಾತ್ರ.

ತೋಳುಗಳ ಲೇಸು ನನ್ನ ಪತಿಯ ಅಜ್ಜಿ ಕೊಟ್ಟದ್ದು. ಅವರ ಊರು ಐರ್‌ಶೈರಿನ ಡಾರ್ವೆಲ್. 1876ರಲ್ಲಿ ಅಲೆಗ್ಸಾಂಡರ್ ಮಾರ್ಟನ್ ಎಂಬವರು ಆ ಊರಿಗೆ ಲೇಸು ನೇಯುವ ಯಂತ್ರವನ್ನು ತಂದ ಮೇಲೆ ಇಡೀ ಕಣಿವೆಯೇ ಆ ಕಸುಬಿನಲ್ಲಿ ಬದುಕಿತು. ಅಜ್ಜಿ ಹದಿನೈದನೆಯ ವಯಸ್ಸಿನಲ್ಲಿ ಗಿರಣಿ ಸೇರಿ, ಯಂತ್ರ ತಪ್ಪಿದ ಕಡೆ ಎಳೆಗಳನ್ನು ಕೈಯಿಂದ ಕೂಡಿಸುವ ಕೆಲಸ ಮಾಡುತ್ತಿದ್ದರು. ತಮ್ಮ ಮದುವೆಗೆಂದು ತೆಗೆದಿಟ್ಟಿದ್ದ ಲೇಸಿನಲ್ಲಿ ಉಳಿದಿದ್ದ ಎರಡು ಗಜವನ್ನು ಅವರು ಕಾಗದದಲ್ಲಿ ಸುತ್ತಿ ನನ್ನ ಕೈಯಲ್ಲಿ ಇಟ್ಟರು. ಅದರ ಒಂದು ಕಡೆ ಸಣ್ಣ ತೂತಿತ್ತು; ನನ್ನೆದುರಿಗೇ ಕೂತು, ನಡುಗುವ ಕೈಯಲ್ಲಿಯೂ, ಅದು ಎಲ್ಲಿತ್ತೆಂದು ತಿಳಿಯದಂತೆ ಕೂಡಿಸಿದರು. ಅವರಿಗೂ ಚಿಗವ್ವನಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಆದರೂ ಮದುವೆಯ ಹಿಂದಿನ ಸಂಜೆ ಇಬ್ಬರೂ ಒಂದು ಗಂಟೆ ಆ ಉಡುಪನ್ನು ಮಡಿಲಲ್ಲಿ ಹಾಕಿಕೊಂಡು ಮಾತಾಡುತ್ತ ಕುಳಿತಿದ್ದರು.

ಕಾಗದಪತ್ರದ ಕೆಲಸದಲ್ಲಿ ನೆರವಾದವರನ್ನು ಮರೆಯಲಾರೆ. ಸ್ಕಾಟ್ಲೆಂಡಿನಲ್ಲಿ ಮದುವೆಯಾಗುವ ಇಬ್ಬರೂ ಎಂ10 ಎಂಬ ಅರ್ಜಿಯನ್ನು, ತಡವೆಂದರೂ ಇಪ್ಪತ್ತೊಂಬತ್ತು ದಿನ ಮೊದಲು, ಆ ಜಾಗದ ರಿಜಿಸ್ಟ್ರಾರರಿಗೆ ಕೊಡಬೇಕು. ನನ್ನ ಜನನ ಪ್ರಮಾಣಪತ್ರ ಕನ್ನಡದಲ್ಲಿತ್ತು. ಪ್ರಮಾಣೀಕರಿಸಿದ ಅನುವಾದ ಬೇಕೆಂದಾಗ ಎರಡೇ ದಿನದಲ್ಲಿ ಮಾಡಿಕೊಟ್ಟ ಎಡಿನ್‌ಬರೋದ ಕನ್ನಡಿಗರಿಗೆ ನಮಸ್ಕಾರ. ಪ್ರತಿಯೊಂದು ಕರೆಗೂ ತಾಳ್ಮೆಯಿಂದ ಉತ್ತರಿಸಿದ ರಿಜಿಸ್ಟ್ರಾರ್ ಕಚೇರಿಯ ಅಧಿಕಾರಿಗೂ ನಮಸ್ಕಾರ.

ಮದುವೆಯ ದಿನ ಬೆಳಿಗ್ಗೆಯಿಂದಲೂ ಅಡ್ಡಮಳೆ. ದಡದಿಂದ ಕೋಟೆಗೆ ಹೋಗುವ ಕಲ್ಲುಸೇತುವೆಯ ಮೇಲೆ ನಡೆಯುವಾಗ ಗಾಳಿಗೆ ಕೊಡೆಗಳು ನಿಲ್ಲಲಿಲ್ಲ. ಆಗ ನನ್ನ ಮೂವರು ಸಹೋದ್ಯೋಗಿಗಳು ಉಡುಪಿನ ಅಂಚನ್ನು ಮೇಲೆತ್ತಿ, ತಮ್ಮ ಮಳೆಯಂಗಿಗಳನ್ನು ಕಳಚಿ ಅದರ ಸುತ್ತ ಹಿಡಿದು, ತಾವು ನೆನೆದುಕೊಂಡೇ ನನ್ನನ್ನು ಬಾಗಿಲು ಮುಟ್ಟಿಸಿದರು. ಅಜ್ಜಿಯ ಸೀರೆಯ ಕೆಂಪು ಬಣ್ಣ ಬಿಳಿ ರೇಷ್ಮೆಗೆ ಒಂದು ಹನಿಯೂ ಇಳಿಯಲಿಲ್ಲ. ಅಷ್ಟು ಮಳೆಯಲ್ಲಿಯೂ ಸೇತುವೆಯ ತುದಿಯಲ್ಲಿ ನಿಂತು ಬ್ಯಾಗ್‌ಪೈಪ್ ಊದುತ್ತಲೇ ಇದ್ದ ವಾದಕರು, ಕೊನೆಯ ಅತಿಥಿ ಒಳಗೆ ಬರುವವರೆಗೂ ತಾವು ಒಳಗೆ ಬರಲಿಲ್ಲ.

ಸಭಾಂಗಣದಲ್ಲಿ ಮದುವೆ ನಡೆಸಿಕೊಟ್ಟವರು ಧಾರ್ಮಿಕ ವಿಧಿಗಳಿಲ್ಲದೆ ಮದುವೆ ಮಾಡಿಸುವ ಹ್ಯೂಮನಿಸ್ಟ್ ಪದ್ಧತಿಯವರು. 2005ರಿಂದ ಇಲ್ಲಿ ಅಂಥ ಮದುವೆಗೆ ಕಾನೂನಿನ ಮಾನ್ಯತೆಯಿದೆ. ವಧೂವರರ ಕೈಗಳನ್ನು ಬಟ್ಟೆಯಿಂದ ಕಟ್ಟುವ ಇಲ್ಲಿಯ ಹಳೆಯ ಪದ್ಧತಿಗೆ, ನಡುವಿಗೆಂದು ಅವ್ವ ಮೊದಲೇ ಹಾಕಿಟ್ಟಿದ್ದ ಕಸೂತಿ ಪಟ್ಟಿಯೇ ಒದಗಿತು. ಕಟ್ಟಿದವಳೂ ಅವ್ವನೇ. ನಮ್ಮ ಬ್ರಹ್ಮಗಂಟಿನ ನೆನಪಾಗಿ ಅವಳ ಕಣ್ಣು ತುಂಬಿತು. ಹಳೆಯ ಕಟ್ಟಡದ ನೆಲದ ಮೇಲೆ ಅಕ್ಕಿ ಚೆಲ್ಲುವುದು ಬೇಡವೆಂದು ಅಕ್ಷತೆಯನ್ನು ಹಿತ್ತಾಳೆಯ ತಟ್ಟೆಯಲ್ಲಿಟ್ಟು, ಬಂದವರೆಲ್ಲ ಅದನ್ನು ಮುಟ್ಟಿ ಹರಸಿದರು. ಆಮೇಲೆ ಕ್ವೇಕ್ ಎಂಬ ಎರಡು ಹಿಡಿಕೆಯ ಬೋಗುಣಿಯಿಂದ ನಾವಿಬ್ಬರೂ ಒಂದೊಂದು ಗುಟುಕು ಕುಡಿದೆವು. ಪತಿ ಉಟ್ಟ ಕಿಲ್ಟಿಗೆ, ಅಂದರೆ ಇಲ್ಲಿಯ ಗಂಡಸರು ಉಡುವ ನೆರಿಗೆಯ ಲಂಗಕ್ಕೆ, ಎಂಟು ಗಜ ಉಣ್ಣೆಯ ಬಟ್ಟೆ ಬೇಕೆಂದು ಕೇಳಿದ ಚಿಗವ್ವ, ತನ್ನ ಇಳಕಲ್ ಒಂಬತ್ತು ಗಜವೆಂದು ಮಾವನವರಿಗೆ ಬೆರಳೆಣಿಸಿ ತೋರಿಸಿದಳು. ಸಂಜೆ ಹತ್ತಿರದ ಊರಿನಲ್ಲಿ ಊಟ, ಕೇಲಿ ಎಂಬ ಇಲ್ಲಿಯ ಜನಪದ ಕುಣಿತ. ಮಳೆ ನಿಂತು, ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿತ್ತು.

ಪಾಳಿಗಳನ್ನು ಬದಲಿಸಿಕೊಂಡ ವಾರ್ಡಿನ ಗೆಳತಿಯರು, ಧಾರವಾಡದಿಂದ ಬಂದವರಿಗೆ ತಮ್ಮ ಮನೆಯನ್ನೇ ಬಿಟ್ಟುಕೊಟ್ಟ ನೆರೆಯವರು, ಪೇಢೆಯ ಡಬ್ಬಿಗಳನ್ನು ಹೊತ್ತು ತಂದ ಸೋದರಮಾವ, ನಿಮ್ಮೆಲ್ಲರಿಗೂ ನಾವಿಬ್ಬರೂ ಋಣಿಗಳು.

ಮದುವೆಗೆ ಬರಲಾಗದೆ ಊರಲ್ಲಿಯೇ ಉಳಿದ ಆರು ಜನ ತಮ್ಮ ಕೆಲಸವನ್ನು ಇನ್ನೂ ಫೋಟೋದಲ್ಲಿ ಮಾತ್ರ ನೋಡಿದ್ದಾರೆ. ಡಿಸೆಂಬರಿನಲ್ಲಿ ನಾವು ಧಾರವಾಡಕ್ಕೆ ಬರುತ್ತೇವೆ, ದರ್ಜಿಯಮ್ಮನೂ ಜೊತೆಗೆ ಬರಲು ಒಪ್ಪಿದ್ದಾರೆ. ಉಡುಪನ್ನು ತರುತ್ತೇವೆ. ಬಾಯಾರೇ, ಬೆಳಗಿನ ಬಿಸಿಲು ಇರುವಾಗಲೇ ಮನೆಗೆ ಬನ್ನಿ. ಅಸ್ತರಿ ಎತ್ತಿ ಒಳಮೈಯನ್ನು ಅವರೇ ನಿಮಗೆ ತೋರಿಸಬೇಕಂತೆ.