ಹಿತ್ತಿಲಿನ ಮಳೆನೀರಿಗೆ ಹಾದಿ ಬಿಡಿ

ಮಾನ್ಯ ಸಂಪಾದಕರೇ,

ಮುಂಗಾರಿಗೆ ಇನ್ನು ಕೆಲವೇ ದಿನಗಳಿರುವಾಗ ಕರಾವಳಿಯ ಪೇಟೆಗಳಲ್ಲಿ ಅಂಗಳ, ಹಿತ್ತಿಲುಗಳಿಗೆ ಇಂಟರ್‌ಲಾಕ್ (ಒಂದಕ್ಕೊಂದು ಕೂಡಿಕೊಳ್ಳುವ ಸಿಮೆಂಟ್ ಕಲ್ಲು) ಹಾಸುವ ಕೆಲಸ ಭರದಿಂದ ಸಾಗಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ಕೆಸರಾಗಬಾರದೆಂದು ಹಾಸುವ ಈ ಇಂಟರ್‌ಲಾಕೇ ಅನೇಕ ಮನೆಗಳಲ್ಲಿ ನೀರು ನಿಲ್ಲಲು ಕಾರಣವಾಗುತ್ತಿದೆ.

ಮಂಗಳೂರಿನ ಹೊರವಲಯದ ನಮ್ಮ ಮನೆಯಲ್ಲೂ ಹೀಗೆಯೇ ಆಯಿತು. ಕೆಲಸ ಮಾಡಿದವರು ಇಳಿಜಾರನ್ನು ಮನೆಯ ಕಡೆಗೇ ಕೊಟ್ಟಿದ್ದರು. ತಾರಸಿಯ ಪೈಪೂ ಗೋಡೆಯ ಬುಡಕ್ಕೇ ನೀರು ಸುರಿಯುತ್ತಿತ್ತು. ಒಗೆಯುವ ಕಲ್ಲಿನ ಸುತ್ತ ದಿನಗಟ್ಟಲೆ ನೀರು ನಿಂತು ಪಾಚಿಗಟ್ಟಿತು, ಅಡುಗೆಮನೆಯ ಗೋಡೆಯ ಸುಣ್ಣ ಮೊಣಕಾಲೆತ್ತರದವರೆಗೆ ಉದುರಿತು. 1,000 ಚದರಡಿ ತಾರಸಿಯ ಮೇಲೆ ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ 9,000 ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ; ಜೂನ್, ಜುಲೈಯಲ್ಲಿ ಅಂಥ ದಿನಗಳು ನಮಗೆ ಹೊಸತಲ್ಲ. ಅಷ್ಟು ನೀರು ಹರಿಯುವ ದಾರಿಯನ್ನು ಮೊದಲೇ ಗೊತ್ತುಮಾಡದೆ ಗಿಡ ನೆಟ್ಟರೂ, ಕಲ್ಲು ಹಾಸಿದರೂ ವ್ಯರ್ಥ.

ಕಡೆಗೆ ನಾವು ಗೋಡೆಯ ಬದಿಯ ಇಂಟರ್‌ಲಾಕ್ ಕೀಳಿಸಿ, 10 ಅಡಿಗೆ ಎರಡೂವರೆ ಇಂಚಿನಷ್ಟು ಇಳಿಜಾರು ಹೊರಗಡೆಗೆ ಬರುವಂತೆ ಮಣ್ಣು ಸರಿಪಡಿಸಿ, ಅದರ ಕೊನೆಗೆ ಎರಡಡಿ ಅಗಲದ ಕಣಿ (ನೀರು ಹರಿಯುವ ಸಣ್ಣ ಕಾಲುವೆ) ತೆಗೆಸಿ, ತಳಕ್ಕೆ ಜಲ್ಲಿ ಹರಡಿ, ಬದಿಗಳಲ್ಲಿ ಲಾವಂಚ, ಕೆಸು ನೆಟ್ಟು, ಹೆಚ್ಚಾದ ನೀರು ತೋಡಿಗೆ (ಸಣ್ಣ ಹಳ್ಳಕ್ಕೆ) ಸೇರುವಂತೆ ಮಾಡಿದೆವು. ಲಾವಂಚದ ಬೇರು ಮಣ್ಣನ್ನು ಹಿಡಿದಿಡುತ್ತದೆ. ಕೆಸುವಿಗೆ ಬುಡದಲ್ಲಿ ನೀರಿದ್ದರೂ ಬಾಧೆಯಿಲ್ಲ. ಅಡಿಕೆ ತೋಟದ ಬಸಿಗಾಲುವೆಯನ್ನು ಬಲ್ಲ ನಮ್ಮ ಹಿರಿಯರಿಗೆ ಇದು ಹೊಸ ವಿದ್ಯೆಯೇನಲ್ಲ. ಕಳೆದ ಮಳೆಗಾಲವಿಡೀ ಆ ಗೋಡೆಗೆ ಥಂಡಿ ಏರಲಿಲ್ಲ.

ಆದರೆ ಬಯಲುಸೀಮೆಗೆ ಒಪ್ಪುವ ಇಂಗುಗುಂಡಿಯನ್ನು ಇಲ್ಲಿ ಎಲ್ಲೆಂದರಲ್ಲಿ ತೋಡುವಂತಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಇಲ್ಲಿನ ನೆಲದ ಮುರಕಲ್ಲು (ಜಂಬಿಟ್ಟಿಗೆ) ನೀರನ್ನು ಸುಲಭವಾಗಿ ಕೆಳಗೆ ಬಿಡುತ್ತದೆ. ಅದರಡಿಯ ಶೇಡಿ ಎಂಬ ನುಣುಪು ಜೇಡಿಮಣ್ಣು ನೆನೆದರೆ ಬಿಗಿ ಕಳೆದುಕೊಂಡು ಜಾರುತ್ತದೆ. ಗುಡ್ಡ ಕಡಿದು ಕಟ್ಟಿದ ಮನೆಗಳ ಹಿತ್ತಿಲಲ್ಲಿ, ಧರೆಯ (ಗುಡ್ಡ ಕಡಿದಲ್ಲಿ ಉಳಿದ ಕಡಿದಾದ ಮಣ್ಣಿನ ಗೋಡೆಯ) ಅಂಚಿಗೆ ತಾಗಿ ನೀರು ಇಂಗಿಸಿದರೆ ಕೆಳಗಿನ ಮನೆಯವರ ಜೀವಕ್ಕೇ ಅಪಾಯ. ಅಂಥ ಕಡೆ ನೀರು ಧರೆಗೆ ಇಳಿಯುವ ಮೊದಲೇ ಅದನ್ನು ಕಣಿಯ ಮೂಲಕ ಬದಿಗೆ ಸಾಗಿಸಿ ತೋಡಿಗೆ ಬಿಡಬೇಕು. ಧರೆಯ ಮೈಮೇಲೆ ಹಬ್ಬಿದ ಹುಲ್ಲನ್ನು ಚೊಕ್ಕಟದ ಹೆಸರಿನಲ್ಲಿ ಕೆತ್ತಿಸಬಾರದು.

ಮನೆ ಕಟ್ಟಲು ಪರವಾನಗಿ ಕೊಡುವಾಗ, ಹಿತ್ತಿಲಿನ ಇಳಿಜಾರು ಯಾವ ಕಡೆಗಿದೆ, ಮಳೆನೀರು ಕೊನೆಗೆ ಯಾವ ತೋಡಿಗೆ ಸೇರುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸುವುದನ್ನು ಸ್ಥಳೀಯ ಸಂಸ್ಥೆಗಳು ಕಡ್ಡಾಯ ಮಾಡಲಿ. ಮಳೆ ಹಿಡಿಯುವ ಮುನ್ನ ತೋಡುಗಳ ಹೂಳನ್ನೂ ತೆಗೆಸಲಿ. ತೋಡು ತುಂಬಿದ್ದರೆ ಕಣಿಯ ನೀರು ತಿರುಗಿ ಹಿತ್ತಿಲಿಗೇ ಬರುತ್ತದೆ.

– ಓದುಗ, ಮಂಗಳೂರು