ಕೆಲ್ಸದ ಜೊತೆ ಹೋಗಿದ್ದರ ಲೆಕ್ಕ

ಸಂಪಾದಕರೇ,

ಔಟ್‌ಸೋರ್ಸಿಂಗ್ ಅಂದ್ರೆ ಎಲ್ರೂ ಕಂಪನಿಗೆ ಎಷ್ಟು ಉಳೀತು ಅಂತಾನೇ ಮಾತಾಡ್ತಾರೆ, ಕೆಲ್ಸದ ಜೊತೆ ಇನ್ನೇನು ಹೋಯ್ತು ಅನ್ನೋದು ಯಾರ ಲೆಕ್ಕಕ್ಕೂ ಬರಲ್ಲ. ನಾನು 11 ವರ್ಷ ಬಿಲ್ ಪಾಸ್ ಮಾಡೋ ಸೆಕ್ಷನ್‌ನಲ್ಲಿ ಇದ್ದವನು. ಒಂದಿನ ಕರೆದು, ಈ ಕೆಲ್ಸ ಏಜೆನ್ಸಿಗೆ ಕೊಡ್ತಿದೀವಿ, ನೀವೇ ಅವ್ರಿಗೆ ಕಲ್ಸಿಕೊಡಿ ಅಂದ್ರು. ಅದಕ್ಕೆ ಕೆಟಿ, ಅಂದ್ರೆ ನಾಲೆಡ್ಜ್ ಟ್ರಾನ್ಸ್‌ಫರ್ ಅಂತ ಹೆಸ್ರು. ಆರು ವಾರ ಸ್ಕ್ರೀನ್ ಶೇರ್ ಮಾಡ್ಕೊಂಡು ಕೂತೆ, ಆ ಕಡೆ ಇದ್ದ ಹುಡುಗಿ ಪಾಪ ಎಲ್ಲಾ ಬರ್ಕೊಂಡ್ಳು, ಅವಳ ಮೇಲೆ ನಂಗೆ ಸಿಟ್ಟಿಲ್ಲ, ಅವಳ ಸಂಬಳ ನನ್ನದರ ಅರ್ಧಾನೂ ಇರ್ಲಿಲ್ಲ, ಕಾಂಟ್ರಾಕ್ಟ್ ಬೇರೆ ವರ್ಷವರ್ಷ ರಿನ್ಯೂ ಆಗ್ಬೇಕು. ಆದ್ರೆ ಒಬ್ಬ ಸಪ್ಲೈಯರ್ ಇದ್ದ, ಬಿಲ್ ನಂಬರ್ ಕೊನೇಲಿ ಒಂದು ಚುಕ್ಕೆ ಸೇರಿಸಿ ಅದೇ ಬಿಲ್ಲನ್ನ ಮತ್ತೆ ಕಳಿಸೋನು, ಸಿಸ್ಟಮ್ ಹೊಸ ಬಿಲ್ ಅನ್ಕೊಂಡು ಸುಮ್ನೆ ತಗೊಳ್ಳೋದು. ಇಂಥದ್ದೆಲ್ಲ ಬಿಲ್ ಕಣ್ಣಿಗೆ ಬಿದ್ದಾಗ್ಲೇ ನೆನಪಾಗೋದು. ಆ ಆರು ವಾರದಲ್ಲಿ ಅದು ಬೀಳ್ಲೇ ಇಲ್ಲ.

ಮ್ಯಾನೇಜರ್‌ಗಳೇನೋ ಉಳ್ಕೊಂಡ್ರು. ಮೊದ್ಲು ನಾಲ್ಕು ಹೆಜ್ಜೆ ನಡೆದು ಬಂದು ಕೇಳ್ತಿದ್ದಿದ್ದಕ್ಕೆ ಈಗ ಏಜೆನ್ಸಿಗೆ ಟಿಕೆಟ್, ಅಂದ್ರೆ ಕಂಪ್ಯೂಟರ್‌ನಲ್ಲಿ ಒಂದು ಕೋರಿಕೆ ಹಾಕಿ ಕಾಯ್ಬೇಕು. 48 ಗಂಟೇಲಿ ಉತ್ತರ ಅಂತ ಅಗ್ರಿಮೆಂಟು, ಉತ್ತರ ಬಂದೇ ಬರುತ್ತೆ, "ಪರಿಶೀಲಿಸ್ತಾ ಇದ್ದೀವಿ" ಅಂತ, ರಿಪೋರ್ಟಲ್ಲಿ ಅದಕ್ಕೆ ಹಸಿರು ಬಣ್ಣ, ಅಂದ್ರೆ ಟೈಮಿಗೆ ಉತ್ತರ ಕೊಟ್ಟಾಯ್ತು ಅಂತ.

ದೊಡ್ಡೋರದ್ದೂ ಇದೇ ಪಾಡು. ಬೋಯಿಂಗ್‌ನವರು 787 ವಿಮಾನದ ರೆಕ್ಕೆ, ಒಡಲು ಎಲ್ಲಾ ಬೇರೆ ಬೇರೆ ದೇಶದ ಕಂಪನಿಗಳಿಗೆ ಕೊಟ್ಟು, ಬರೀ ಜೋಡಿಸಿದ್ರಾಯ್ತು ಅನ್ಕೊಂಡಿದ್ರು. 2007ರ ಜುಲೈನಲ್ಲಿ ಜನರ ಮುಂದೆ ನಿಲ್ಲಿಸಿದ ವಿಮಾನ ಒಳಗೆ ಹೆಚ್ಚುಕಮ್ಮಿ ಖಾಲಿ, ಎಷ್ಟೋ ಕಡೆ ತಾತ್ಕಾಲಿಕ ಬೋಲ್ಟ್ ಹಾಕಿ ನಿಲ್ಸಿದ್ರು. 2008ರಲ್ಲಿ ಕೊಡ್ಬೇಕಿದ್ದಿದ್ದು ಗಿರಾಕಿ ಕೈ ಸೇರಿದ್ದು 2011ಕ್ಕೆ. 2005ರಲ್ಲಿ ವಿಮಾನದ ಒಡಲು ಮಾಡೋ ತಮ್ಮದೇ ಫ್ಯಾಕ್ಟರಿ ಮಾರಿದ್ರು, ಅದೇ ಸ್ಪಿರಿಟ್ ಏರೋಸಿಸ್ಟಮ್ಸ್ ಆಯ್ತು, 2024ರಲ್ಲಿ ಅದನ್ನೇ ವಾಪಸ್ ಕೊಳ್ಳೋಕೆ ಒಪ್ಪಂದ ಮಾಡ್ಕೊಂಡ್ರು! ಮಾರೋಕೆ ಸಲಹೆ ಕೊಟ್ಟೋರ ಕೆಲ್ಸ ಮಾತ್ರ ಯಾರೂ ಹೊರಗೆ ಕೊಟ್ಟಿರಲ್ಲ ಬಿಡಿ.

ಹೊರಗೆ ಕೊಡ್ಲೇಬಾರ್ದು ಅಂತ ನಾನು ಹೇಳ್ತಿಲ್ಲ. ಕೊಡೋ ಮುಂಚೆ ಆ ಕೆಲ್ಸ ಮಾಡೋರನ್ನ ಒಂದು ಮೀಟಿಂಗ್‌ಗಾದ್ರೂ ಕರೀಬೇಕು, ನಮ್ಮನ್ನ ಕರ್ದಿದ್ದು ಎಲ್ಲಾ ಸೈನ್ ಆದ್ಮೇಲೆ.

ಹೋದ ತಿಂಗಳು ಆ ಹುಡುಗಿ ಮೆಸೇಜ್ ಮಾಡಿದ್ಲು. ಏಜೆನ್ಸಿ ಬದಲಾಗ್ತಿದೆಯಂತೆ, ಈಗ ಅವಳು ಇನ್ಯಾರಿಗೋ ಕೆಟಿ ಕೊಡ್ಬೇಕಂತೆ. ಚುಕ್ಕೆ ವಿಷ್ಯ ಈ ಸಲ ಹೇಳ್ದೆ.

– ಒಬ್ಬ ಓದುಗ