ಸೀಟು ಸಿಕ್ಕ ಮೇಲಿನ ವರ್ಷಗಳಿಗೆ ನಿಮ್ಮ ನೆರವು ಬೇಕು

ಆತ್ಮೀಯ ದಾನಿಗಳೇ,

ಜನಾಂಗೀಯ ಅಲ್ಪಸಂಖ್ಯಾತ ಸಮುದಾಯದ ಹುಡುಗನಿಗೋ ಹುಡುಗಿಗೋ ವೈದ್ಯಕೀಯ ಸೀಟು ಸಿಕ್ಕರೆ ಶಾಲು ಹೊದಿಸುವವರು, ಮೊದಲ ವರ್ಷದ ಶುಲ್ಕ ಕಟ್ಟುವವರು ಹೇಗೋ ಸಿಗುತ್ತಾರೆ. ಓದು ತರಗತಿಯಿಂದ ವಾರ್ಡಿಗೆ ಬಂದಾಗ ಅದೇ ವಿದ್ಯಾರ್ಥಿಯ ಬೆನ್ನಿಗೆ ಯಾರೂ ಇರುವುದಿಲ್ಲ. ನಮ್ಮ ಟ್ರಸ್ಟ್ ದೇಣಿಗೆ ಕೇಳುತ್ತಿರುವುದು ಆ ಕ್ಲಿನಿಕಲ್ ವರ್ಷಗಳಿಗೆ.

ಹಿಂದೆ ಬೀಳುವುದಕ್ಕೆ ಬುದ್ಧಿವಂತಿಕೆಯ ಕೊರತೆ ಕಾರಣ ಎನ್ನುವವರು ಈಗಲೂ ಇದ್ದಾರೆ. ಆದರೆ ಬಾಗಿಲು ಮುಚ್ಚಿದ್ದು ವ್ಯವಸ್ಥೆಯೇ. ಅಮೆರಿಕದಲ್ಲಿ ವೈದ್ಯಕೀಯ ಶಾಲೆಗಳ ಗುಣಮಟ್ಟ ಪರಿಶೀಲಿಸಿದ 1910ರ ಫ್ಲೆಕ್ಸ್‌ನರ್ ವರದಿಯ ನಂತರ ಕಪ್ಪು ಜನರ ಏಳು ವೈದ್ಯಕೀಯ ಶಾಲೆಗಳಲ್ಲಿ ಐದು ಮುಚ್ಚಿಹೋದವು. ಉಳಿದದ್ದು ಹೋವರ್ಡ್ ಮತ್ತು ಮೆಹಾರಿ ಎರಡೇ. ಬ್ರಿಟನ್ನಿನಲ್ಲಿ ವೈದ್ಯರ ನಿಯಂತ್ರಕ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್ ಕೂಡ ವೈದ್ಯಕೀಯ ಶಿಕ್ಷಣ, ತರಬೇತಿಗಳಲ್ಲಿನ ತಾರತಮ್ಯವನ್ನು 2031ರೊಳಗೆ ಹೋಗಲಾಡಿಸುವ ಗುರಿಯನ್ನು 2021ರಲ್ಲಿ ಘೋಷಿಸಿತು. ತೊಂದರೆ ವ್ಯವಸ್ಥೆಯಲ್ಲಿದೆ ಎಂದು ನಿಯಂತ್ರಕರೇ ಒಪ್ಪಿಕೊಂಡ ಹಾಗಾಯಿತು.

ದೇಣಿಗೆಯ ದೊಡ್ಡ ಪಾಲು ಹೋಗುವುದು ಓಸ್ಕಿ (OSCE) ಎಂಬ ಕ್ಲಿನಿಕಲ್ ಕೌಶಲ ಪರೀಕ್ಷೆಯ ತಾಲೀಮಿಗೆ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ವೈದ್ಯಕೀಯ ಶಿಕ್ಷಕ ರೊನಾಲ್ಡ್ ಹಾರ್ಡನ್ ಪರಿಚಯಿಸಿದ ಈ ಪದ್ಧತಿಯಲ್ಲಿ ವಿದ್ಯಾರ್ಥಿ ಒಂದೊಂದೇ ಸ್ಟೇಷನ್ (ಪರೀಕ್ಷೆಯ ಮೇಜು) ದಾಟುತ್ತಾ ರೋಗಿಯ ಜೊತೆ ಮಾತಾಡಬೇಕು, ತಪಾಸಣೆ ಮಾಡಿ ತೋರಿಸಬೇಕು. ನಮ್ಮ ತಾಲೀಮಿನಲ್ಲಿ 10 ಸ್ಟೇಷನ್, ಒಂದೊಂದಕ್ಕೆ 8 ನಿಮಿಷ, ಪ್ರಶ್ನೆ ಓದಿಕೊಳ್ಳಲು 2 ನಿಮಿಷ. ರೋಗಿಯ ಪಾತ್ರಕ್ಕೆ ಸಂಭಾವನೆ ಕೊಟ್ಟು ನಟರನ್ನೇ ಕರೆಸಬೇಕು. ಸಹಪಾಠಿಗಳನ್ನು ಕೂರಿಸಿದರೆ ಅವರು ರೋಗದ ಹೆಸರನ್ನೇ ಬಾಯಿಬಿಟ್ಟುಬಿಡುತ್ತಾರೆ! ಇಬ್ಬರು ಪರೀಕ್ಷಕರು ಒಬ್ಬರದನ್ನೊಬ್ಬರು ನೋಡದೆ ಅಂಕ ಹಾಕುತ್ತಾರೆ. ವ್ಯತ್ಯಾಸ ಬಂದ ಕಡೆ ವಿಡಿಯೊ ತೆರೆದು ಕಾರಣ ಹುಡುಕುತ್ತೇವೆ. ಹಿರಿಯರ ಮುಂದೆ ಕಣ್ಣು ತಗ್ಗಿಸಿ ಮಾತಾಡುವುದನ್ನು ಮನೆಯಲ್ಲಿ ಕಲಿತ ವಿದ್ಯಾರ್ಥಿಗೆ ‘ಆತ್ಮವಿಶ್ವಾಸವಿಲ್ಲ’ ಎಂದು ಅಂಕ ಕಳೆಯುವುದು ಇಂಥ ಕಡೆಯೇ ಸಿಕ್ಕಿಬೀಳುವುದು. ‘ಸಂವಹನ ಸುಧಾರಿಸಲಿ’ ಎಂಬ ಷರಾ ಯಾರಿಗೂ ಉಪಯೋಗವಿಲ್ಲ. ‘ಕ್ಯಾನ್ಸರ್ ಇರಬಹುದಾ ಅಂತ ಭಯ ಎಂದು ರೋಗಿ ಹೇಳಿದ ಕೂಡಲೇ ನೀವು ಸಿಗರೇಟಿನ ಪ್ರಶ್ನೆಗೆ ಹಾರಿದಿರಿ; ಆ ಭಯ ಯಾಕೆ ಎಂದು ಮೊದಲು ಕೇಳಿ’ ಎಂದು ಬರೆದರೆ ಮುಂದಿನ ಸಲ ತಿದ್ದಿಕೊಳ್ಳಬಹುದು. ಹಾಗೆ ಬರೆಯುವ ಪರೀಕ್ಷಕರಿಗೆ ಸಮಯ ಬೇಕು, ಸಮಯಕ್ಕೆ ಹಣ ಬೇಕು.

ಇನ್ನೊಂದು ಪಾಲು ಚಿತ್ರಗಳಿಗೆ ಮತ್ತು ಅಭ್ಯಾಸದ ಕೃತಕ ತೋಳುಗಳಿಗೆ. ಬಿಳಿ ಚರ್ಮದ ಮೇಲೆ ಕೆಂಪಾಗಿ ಕಾಣುವ ಉರಿಯೂತ ಕಪ್ಪು ಚರ್ಮದ ಮೇಲೆ ನೇರಳೆಯಾಗಿಯೋ ಬೂದುಗಂದಾಗಿಯೋ ಕಾಣುತ್ತದೆ. ಮೈ ನೀಲಿಗಟ್ಟಿದೆಯೇ ಎಂದು ತಿಳಿಯಲು ನಾಲಿಗೆ, ತುಟಿಯ ಒಳಭಾಗ ನೋಡಬೇಕು. ರಕ್ತಹೀನತೆಗೆ ಕೆಳರೆಪ್ಪೆ ಎಳೆದು ನೋಡಬೇಕು. ಒಂದೇ ಬಣ್ಣದ ಚಿತ್ರ ನೋಡಿ ಕಲಿತವರಿಗೆ ಇದು ತಪ್ಪಿಹೋಗುತ್ತದೆ. ವರ್ಜೀನಿಯಾ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ, ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದ್ದವರು ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ರೆಸಿಡೆಂಟರಲ್ಲಿ (ತರಬೇತಿಯಲ್ಲಿರುವ ವೈದ್ಯರಲ್ಲಿ) ಸುಮಾರು ಅರ್ಧದಷ್ಟಿದ್ದರು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ರಕ್ತದಲ್ಲಿನ ಆಮ್ಲಜನಕದ ಕೊರತೆಯನ್ನು ಗುರುತಿಸದೆ ಬಿಡುವುದು ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿತು. ಆದ್ದರಿಂದ ಪ್ರತಿ ಕಾಯಿಲೆಗೂ ಕನಿಷ್ಠ ಮೂರು ಚರ್ಮದ ಬಣ್ಣಗಳ ಫೋಟೊ ತೆಗೆಸುತ್ತೇವೆ. ಫ್ಲಾಶ್ ಹಾಕಿದರೆ ಬಣ್ಣ ತೊಳೆದುಹೋಗುತ್ತದೆ. ಬೆಳಕು ಒಂದೇ ತೆರನಾಗಿರಬೇಕು, ರೋಗಿಯ ಲಿಖಿತ ಒಪ್ಪಿಗೆ ಇರಬೇಕು. ಇದರ ಲಾಭ ತರಗತಿಯಲ್ಲಿರುವ ಎಲ್ಲರಿಗೂ.

ಆಪರೇಷನ್ ಥಿಯೇಟರಿನದು ಸಣ್ಣ ಖರ್ಚು, ಆದರೆ ಅದಿಲ್ಲದೆ ಕೆಲಸ ನಿಲ್ಲುತ್ತದೆ. ಹಿಜಾಬ್ ತೊಡುವವರಿಗೆ ಒಮ್ಮೆ ಬಳಸಿ ಎಸೆಯುವ ಸ್ಟೆರೈಲ್ ತಲೆವಸ್ತ್ರ, ಪೇಟದವರಿಗೆ ದೊಡ್ಡ ಅಳತೆಯ ಹುಡ್ ಬೇಕು. ಗಡ್ಡವಿದ್ದರೆ ಬಿಗಿ ಮಾಸ್ಕಿನ ಅಂಚು ಮುಖಕ್ಕೆ ಕೂರದೆ ಫಿಟ್ ಟೆಸ್ಟ್ ಫೇಲಾಗುತ್ತದೆ; ಅಂಥವರಿಗೆ ಬ್ಯಾಟರಿಯಿಂದ ಗಾಳಿ ಊದುವ ಹುಡ್ಡೇ ಗತಿ. ಅದು ಸಿಗದ ದಿನ ವಿದ್ಯಾರ್ಥಿ ಬಾಗಿಲಾಚೆ ನಿಂತಿರುತ್ತಾನೆ, ಲಾಗ್‌ಬುಕ್ಕಿನ ಆ ದಿನದ ಕಲಿಕೆಯ ಸಾಲು ಖಾಲಿ ಉಳಿಯುತ್ತದೆ.

ದೂರು ಆಲಿಸಲು ವಿಭಾಗಕ್ಕೆ ಸೇರದ, ಸಂಬಳದ ಒಬ್ಬರನ್ನು ನೇಮಿಸಬೇಕಿದೆ. ಅವಮಾನಿಸಿದವರೇ ಕೊನೆಗೆ ವಾರ್ಡಿನ ಪೋಸ್ಟಿಂಗ್ ಮುಗಿಸಿದ್ದಕ್ಕೆ ಸಹಿ ಹಾಕುವವರೂ ಆಗಿದ್ದರೆ ಯಾವ ವಿದ್ಯಾರ್ಥಿ ಬಾಯಿಬಿಟ್ಟಾನು? ಆಡಿದ ಮಾತು ಆಡಿದ ಹಾಗೆಯೇ, ಜೊತೆಗೆ ಯಾರಿದ್ದರು, ಎಷ್ಟು ಗಂಟೆಗೆ ಎಂಬುದನ್ನು ಅದೇ ದಿನ ಬರೆದಿಡಲು ಇವರು ನೆರವಾಗುತ್ತಾರೆ. ವಾರ ಕಳೆದು ಬರೆದ ದೂರು ವಿಚಾರಣೆಯಲ್ಲಿ ನಿಲ್ಲುವುದು ಕಷ್ಟ.

ಪೂರ್ವಗ್ರಹದ ಬಗ್ಗೆ ಒಂದು ಗಂಟೆಯ ಭಾಷಣ ಇಡಿಸಿ ಕೈತೊಳೆದುಕೊಳ್ಳುವ ಕಾರ್ಯಕ್ರಮಗಳಿಗೆ ಈ ನಿಧಿಯಿಂದ ಬಿಡಿಗಾಸೂ ಹೋಗುವುದಿಲ್ಲ. ಕೇಳಿ ಚಪ್ಪಾಳೆ ತಟ್ಟಿದವರು ಮರುದಿನ ವಾರ್ಡಿನಲ್ಲಿ ಬದಲಾಗಿದ್ದನ್ನು ನಾವಂತೂ ಕಂಡಿಲ್ಲ.

ಒಮ್ಮೆಲೇ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳಿಗೆ ಕೈಲಾದಷ್ಟು ಕೊಟ್ಟರೆ ನಮಗೆ ಅನುಕೂಲ. ನಟರಿಗೂ ದೂರು ಆಲಿಸುವವರಿಗೂ ಹಣ ಬೇಕಾಗುವುದು ವರ್ಷವಿಡೀ. ಹಳೆಯ ಸ್ಟೆತೊಸ್ಕೋಪ್ ದಯವಿಟ್ಟು ಕಳಿಸಬೇಡಿ. ಕತ್ತಿನ ಬೆವರು, ಎಣ್ಣೆ ತಾಗಿ ಕೊಳವೆ ಗಡುಸಾಗಿ ಬಿರುಕು ಬಿಟ್ಟಿರುತ್ತದೆ, ಹೃದಯದ ಸಣ್ಣ ಮರ್ಮರ ಕೇಳಿಸುವುದಿಲ್ಲ. ಹಣ ಕಳಿಸುವಾಗ ತಾಲೀಮು, ಚಿತ್ರ, ಥಿಯೇಟರ್ ಅಥವಾ ದೂರು ಎಂದು ಬಾಬತ್ತು ನಮೂದಿಸಿ. ಆ ಬಾಬತ್ತಿಗೇ ಖರ್ಚು ಮಾಡಿ ರಸೀದಿಯನ್ನೂ ವರ್ಷದ ಕೊನೆಗೆ ಲೆಕ್ಕಪತ್ರವನ್ನೂ ಕಳಿಸುತ್ತೇವೆ. ಏನೂ ನಮೂದಿಸದ ಹಣ ತಾಲೀಮಿನ ಖಾತೆಗೆ ಸೇರುತ್ತದೆ.

ಟ್ರಸ್ಟಿನ ಪರವಾಗಿ,
ಧರ್ಮದರ್ಶಿಗಳು